ನೂರ ತೊಂಬತ್ತು ದಿನದ ಆಟ

69,990 ರೂಪಾಯಿ. ಈ ಅಂಕಿಯನ್ನು ನನ್ನ ತಮ್ಮ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದು, ಸುತ್ತ ಒಂದು ಚೌಕ ಎಳೆದು, ಚೌಕದ ಎಡಕ್ಕೂ ಬಲಕ್ಕೂ ಹಿಡಿ ಬಿಡಿಸಿ, ಹಿಡಿಯ ಮೇಲೆ ಗುಂಡಿಗಳನ್ನು ಚುಕ್ಕಿ ಚುಕ್ಕಿಯಾಗಿ ಇಟ್ಟಿದ್ದ. ಒಂಬತ್ತನೇ ಕ್ಲಾಸಿನ ಹುಡುಗ. ಬಾಯಿ ಬಿಟ್ಟು ಕೇಳಲಿಲ್ಲ. ನಮ್ಮ ಮನೆಯಲ್ಲಿ ಕೇಳುವ ಅಭ್ಯಾಸವಿಲ್ಲ. ನನ್ನ ಕಣ್ಣಿಗೆ ಬೀಳುವ ಹಾಗೆ ತೆರೆದಿಟ್ಟು ಹೋಗಿದ್ದ, ಅಷ್ಟೆ.

ಅದು ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮಿನ ಯಂತ್ರ. ತೈವಾನಿನ ಏಸಸ್ ಕಂಪನಿಯದು, ಹೆಸರು ಆರ್‌ಒಜಿ ಅಲೈ. 2023ರ ಜುಲೈ ತಿಂಗಳಲ್ಲಿ ನಮ್ಮ ದೇಶದ ಅಂಗಡಿಗೆ ಬಂದಾಗ ಅದಕ್ಕೆ ಹಾಕಿದ ಬೆಲೆ ಇದು. ಏಳು ಅಂಗುಲದ ಪರದೆ, 608 ಗ್ರಾಂ ತೂಕ.

ನನ್ನನ್ನು ಕವಿ ಅಂತ ನಾಲ್ಕು ಜನ ಕರೆಯುತ್ತಾರೆ. ನಮ್ಮ ವಂಶದಲ್ಲಿ ಡಿಗ್ರಿ ಕಂಡ ಮೊದಲನೆಯವನು ನಾನು. ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಅತಿಥಿ ಅಂದರೆ ಎಲೆ ಹಾಕಿ ಕೂರಿಸುತ್ತಾರೆ ಅಂದುಕೊಂಡಿದ್ದೆ. ಎಲೆ ಹಾಕಿದರು, ಬಡಿಸುವವರು ತಿಂಗಳುಗಟ್ಟಲೆ ಬರಲಿಲ್ಲ. ಆಮೇಲೆ ಐದು ತಿಂಗಳ ಬಾಕಿ ಒಟ್ಟಿಗೇ ಬಂತು. ಬಂದದ್ದು ತಮ್ಮನಿಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿತ್ತು, ವಾರದ ಸಂಘದ ಸಾಲದವರಿಗೂ ಗೊತ್ತಿತ್ತು.

ಆ ರಾತ್ರಿ ನಾನು ಲೆಕ್ಕ ಹಾಕಿದೆ. ನಮಗೆ ಯಾವುದರ ಬೆಲೆಯೂ ರೂಪಾಯಿಯಲ್ಲಿ ಅರ್ಥವಾಗುವುದಿಲ್ಲ, ಕೂಲಿಯಲ್ಲಿ ಅರ್ಥವಾಗುತ್ತದೆ. 2025-26ರ ಸಾಲಿಗೆ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ. 69,990ನ್ನು 370ರಿಂದ ಭಾಗಿಸಿದರೆ 189 ದಿನ ಕಳೆದು ನೂರ ತೊಂಬತ್ತನೆಯ ದಿನವೂ ಸ್ವಲ್ಪ ಮಣ್ಣು ಹೊರಬೇಕು. 2005ರ ಆ ಕಾನೂನು ಒಂದು ಮನೆಗೆ ಒಂದು ವರ್ಷಕ್ಕೆ ಮಾತು ಕೊಟ್ಟಿದ್ದೇ 100 ದಿನ. ಅಂದರೆ ನಮ್ಮವ್ವ ಎರಡು ವರ್ಷ ಕೆರೆ ಹೂಳು ಹೊತ್ತು, ಒಂದು ರೂಪಾಯಿಯ ಉಪ್ಪನ್ನೂ ಕೊಳ್ಳದೆ ಕೂಡಿಟ್ಟರೆ, ಆ ಚೌಕ ತಮ್ಮನ ಕೈಗೆ ಬರುತ್ತದೆ.

ಇದೇ ಜಾತಿಯ ಇನ್ನೊಂದು ಯಂತ್ರ ಜಪಾನಿನ ನಿಂಟೆಂಡೊ ಕಂಪನಿಯ ಸ್ವಿಚ್ 2. 2025ರ ಜೂನ್ 5ಕ್ಕೆ ಮಾರುಕಟ್ಟೆಗೆ ಬಂತು. ಜಪಾನೀ ಭಾಷೆಯೊಂದೇ ಇರುವ ಮಾದರಿಗೆ ಅಲ್ಲಿ ಇಟ್ಟ ಬೆಲೆ 49,980 ಯೆನ್. ಅಲ್ಲಿ 2024ರಲ್ಲಿ ನಿಗದಿಯಾದ ಕನಿಷ್ಠ ಕೂಲಿ, ಇಡೀ ದೇಶದ ಸರಾಸರಿ, ಗಂಟೆಗೆ 1,055 ಯೆನ್. ಅಲ್ಲಿಯ ಕಡುಬಡವ ದಿನಕ್ಕೆ ಎಂಟು ಗಂಟೆಯಂತೆ ಆರು ದಿನ ದುಡಿದರೆ ಒಂದು ಬರುತ್ತದೆ. ಅವರಿಗೆ ಆರು ದಿನ, ನಮಗೆ ಆರು ತಿಂಗಳ ಮೇಲೆ. ಯಂತ್ರ ಬೇರೆ ಬೇರೆ ಅಂತ ವಾದ ಮಾಡುವವರು ಮಾಡಲಿ. ಬೆವರು ಒಂದೇ ತಾನೆ?

ಲೆಕ್ಕ ಅಲ್ಲಿಗೆ ಮುಗಿಯಿತು ಅಂದುಕೊಂಡು ಬೆಳಿಗ್ಗೆ ತಮ್ಮನನ್ನು ಕೂರಿಸಿಕೊಂಡು ಹೇಳಿದೆ. ಅವನು ತಲೆ ಆಡಿಸಿದ. “ಸರಿ ಬುಡಣ್ಣ” ಅಂದ. ಇಷ್ಟು ಸುಲಭಕ್ಕೆ ಒಪ್ಪಿದ್ದು ನನಗೆ ಸಮಾಧಾನ ಕೊಡಲಿಲ್ಲ. “ಇದನ್ನ ಎಲ್ಲಿ ನೋಡ್ದೆಲಾ ನೀನು?” ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ.

ಊರೊಳಗೆ ಒಂದು ದೊಡ್ಡ ಮನೆ. ಅವ್ವ ಇವತ್ತಿಗೂ ಅದನ್ನು ಬುದ್ದೀರ ಮನೆ ಅನ್ನುತ್ತಾಳೆ, ನಾನು ಎಷ್ಟು ಸಲ ಜಗಳ ಆಡಿದರೂ ಅವಳ ನಾಲಿಗೆ ತಿರುಗುವುದಿಲ್ಲ. ಅಲ್ಲಿ ಕೊಟ್ಟಿಗೆ ಬಳಿಯಲು ಹೋಗುತ್ತಾಳೆ. ದಸರಾ ರಜೆಯಲ್ಲಿ ತಮ್ಮ ಅವಳ ಜೊತೆ ಹೋಗಿದ್ದ. ಬೆಂಗಳೂರಲ್ಲಿ ಓದುವ ಆ ಮನೆಯ ಹುಡುಗ ರಜೆಗೆ ಬಂದವನು ಜಗಲಿಯ ಮೇಲೆ ಕೂತು ಆಡುತ್ತಿದ್ದ. ಇವನು ಜಗಲಿಯ ಕೆಳಗೆ ನಿಂತು ನೋಡಿದ. ಮೂರು ದಿನ ನೋಡಿದ. ನಾಲ್ಕನೆಯ ದಿನ ಆ ಹುಡುಗನೇ ಕರೆದು ಕೈಗೆ ಕೊಟ್ಟ. ಒಳ್ಳೆಯ ಹುಡುಗ ಅಂತಲೇ ತಮ್ಮ ಹೇಳಿದ. ಹೇಗೆ ಆಡಬೇಕು ಅಂತ ತೋರಿಸಿಯೂ ಕೊಟ್ಟನಂತೆ.

“ಐದು ನಿಮಿಷ ಆಡ್ದೆ ಕಣಣ್ಣ. ಆಮೇಲೆ ಇಸ್ಕೊಂಡ್ರು. ಇಸ್ಕೊಂಡು ಒಂದು ಬಟ್ಟೆ ತಕ್ಕೊಂಡು ಒರೆಸಿದ್ರು.”

“ಬೇರೆ ಹುಡುಗ್ರು ಆಡ್ದಾಗ್ಲೂ ಒರೆಸ್ತಿದ್ನಾ?”

“ನೋಡ್ಲಿಲ್ಲ ಕಣಣ್ಣ.”

ಗೆಳೆಯರೆ, ಈ ‘ನೋಡ್ಲಿಲ್ಲ’ ಅನ್ನುವ ಮಾತು ನನ್ನನ್ನು ಒಂದು ವಾರ ಮಲಗಗೊಡಲಿಲ್ಲ. ಅವನು ಒರೆಸಿದ್ದು ಬೆವರನ್ನೋ ನಮ್ಮನ್ನೋ? ಗಾಜಿನ ಮೇಲೆ ಬೆರಳಿನ ಗುರುತು ಬಿದ್ದರೆ ಎಲ್ಲರೂ ಒರೆಸುತ್ತಾರೆ. ನಾನೂ ನನ್ನ ಮೊಬೈಲು ಒರೆಸುತ್ತೇನೆ. ನಮ್ಮ ತಾತನ ಕಾಲದಲ್ಲಿ ಈ ಅನುಮಾನವಿರಲಿಲ್ಲ. ತೆಂಗಿನ ಚಿಪ್ಪಿನಲ್ಲಿ ಎತ್ತರದಿಂದ ಕಾಫಿ ಹುಯ್ಯುತ್ತಿದ್ದರು, ಯಾಕೆ ಅಂತ ಹುಯ್ಯುವವನಿಗೂ ಕುಡಿಯುವವನಿಗೂ ಗೊತ್ತಿತ್ತು. ಈಗ ಒಂದು ಮೆದು ಬಟ್ಟೆ, ಒಂದು ನಗು. ಸಿಟ್ಟು ಮಾಡಿಕೊಂಡರೆ ನಾನೇ ಹುಚ್ಚ, ಮಾಡಿಕೊಳ್ಳದಿದ್ದರೆ ನಾನೇ ಹೇಡಿ.

ನನಗೂ ಒಂದು ಆಟದ ಯಂತ್ರ ಇತ್ತು. ಮುಡುಕುತೊರೆ ಜಾತ್ರೆಗೆ ಅಪ್ಪ ಯಾರದೋ ಎತ್ತು ಹೊಡೆದುಕೊಂಡು ಹೋಗಿದ್ದ. ದನದ ವ್ಯಾಪಾರ ಚೆನ್ನಾಗಿ ಕುದುರಿ ಎತ್ತಿನವರು ಕೈಯಲ್ಲಿ ಸ್ವಲ್ಪ ಹೆಚ್ಚಿಗೆ ಇಟ್ಟರಂತೆ. ಅಪ್ಪ ನನಗೆ ನೂರೈವತ್ತು ರೂಪಾಯಿಯ ಇಟ್ಟಿಗೆ ಆಟ ತಂದ. ಬ್ರಿಕ್ ಗೇಮ್. ನಿಮ್ಮಲ್ಲಿ ಅನೇಕರು ಅದನ್ನು ಕಂಡಿರುತ್ತೀರಿ. ಉದ್ದ ಕತ್ತಿನ ಪ್ಲಾಸ್ಟಿಕ್ ಡಬ್ಬಿ, ಮೇಲಿಂದ ಇಟ್ಟಿಗೆಯ ತುಂಡುಗಳು ಉದುರುತ್ತವೆ, ಸಾಲು ತುಂಬಿದರೆ ಕರಗುತ್ತವೆ. 9999 ಆಟ ಅಂತ ಮೇಲೆ ಬರೆದಿತ್ತು. ನಾನು ಎಣಿಸಿದಾಗ ಹದಿನೈದು ದಾಟಲಿಲ್ಲ. ವ್ಯಾಪಾರಿಗಳ ಸುಳ್ಳನ್ನು ನಾನು ಮೊದಲು ಹಿಡಿದದ್ದು ಹಾಗೆ. ಎರಡು ಪೆನ್ಸಿಲ್ ಸೆಲ್ಲು ಬೇಕಿತ್ತು. ಸೆಲ್ಲು ಸತ್ತಾಗ ಬಿಸಿಲಿಗಿಟ್ಟು, ಹಲ್ಲಲ್ಲಿ ಕಚ್ಚಿ, ಇನ್ನೊಂದು ದಿನ ಎಳೆಯುತ್ತಿದ್ದೆವು. ಇಡೀ ಕೇರಿ ಆಡಿತು. ಅಪ್ಪನೂ ಆಡಿದ. ದಿನವೆಲ್ಲ ಬೇರೆಯವರ ಮನೆಗೆ ಇಟ್ಟಿಗೆ ಹೊತ್ತು ಬಂದು ರಾತ್ರಿ ಸುಳ್ಳು ಇಟ್ಟಿಗೆ ಜೋಡಿಸುತ್ತಿದ್ದ. ಅದರಲ್ಲಿ ಅವನು ನಗುತ್ತಿದ್ದುದನ್ನು ನಾನು ನೋಡಿದ್ದೇನೆ.

ಆ ಆಟವನ್ನು ಕಂಡುಹಿಡಿದವನು ಅಲೆಕ್ಸಿ ಪಜಿತ್ನೋವ್ ಅಂತ, ಮಾಸ್ಕೋದಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದ ನೌಕರ. ಟೆಟ್ರಿಸ್ ಅಂತ ಅದರ ಹೆಸರು. 1980ರ ದಶಕದ ನಡುವೆ ಮಾಡಿದ. ಹಕ್ಕು ಸರ್ಕಾರದ ಕೈಗೆ ಹೋಯಿತು, ಲಾಭ ದೇಶ ದೇಶದ ಕಂಪನಿಗಳಿಗೆ ಹೋಯಿತು. ಅವನಿಗೆ ಅದರ ರಾಯಧನ ಸಿಗಲು ಶುರುವಾದದ್ದು 1996ರಲ್ಲಿ. ನಮ್ಮ ಮಾರ್ಕ್ಸ್‌ವಾದಿ ಗೆಳೆಯರಿಗೆ ಇದನ್ನು ಹೇಳಿದರೆ ಅವರು ಮಾತು ಬದಲಾಯಿಸುತ್ತಾರೆ.

ಆ ಆಟವನ್ನು ಲೋಕದ ಅಂಗೈಗೆ ಇಟ್ಟವನು ಇನ್ನೊಬ್ಬ. ಗುನ್‌ಪೇ ಯೊಕೊಯಿ. 1965ರಲ್ಲಿ ಕ್ಯೋಟೋ ನಗರದ ನಿಂಟೆಂಡೊ ಕಂಪನಿಗೆ ಸೇರಿದ. ಆಗ ಅದು ಇಸ್ಪೀಟಿನಂಥ ಎಲೆ ಮಾಡುವ ಕಂಪನಿ. ಇವನ ಕೆಲಸ ಎಲೆ ಮಾಡುವ ಯಂತ್ರಗಳ ರಿಪೇರಿ. ಬಿಡುವಿನಲ್ಲಿ ಕೂತು ದೂರದ ವಸ್ತುವನ್ನು ಹಿಡಿಯುವ ಉದ್ದನೆಯ ಆಟಿಕೆ ಕೈಯೊಂದನ್ನು ಮಾಡಿದ. ಮಾಲೀಕ ಅದನ್ನು ಕಂಡು 1966ರಲ್ಲಿ ಮಾರಾಟಕ್ಕೇ ಇಟ್ಟ. ಇದೇ ಯೊಕೊಯಿ ಮುಂದೆ 1989ರಲ್ಲಿ ಗೇಮ್ ಬಾಯ್ ತಂದ. ಅವನ ತತ್ವ ನನಗೆ ಬಹಳ ಹಿಡಿಸಿತು. ಹೊಚ್ಚ ಹೊಸ ತಂತ್ರದ ಹಿಂದೆ ಓಡಬೇಡ, ಹಳೆಯದಾಗಿ ಅಗ್ಗವಾದ ತಂತ್ರವನ್ನು ತೆಗೆದುಕೊಂಡು ಹೊಸ ಉಪಯೋಗಕ್ಕೆ ಹಚ್ಚು ಅನ್ನುವುದು ಅದು. ಅವನ ಎದುರಾಳಿಗಳು ಬಣ್ಣದ ಪರದೆ ತಂದರು. ಅವು ಆರು ಸೆಲ್ಲು ತಿಂದು ಕೆಲವೇ ಗಂಟೆಗೆ ಸಾಯುತ್ತಿದ್ದವು. ಇವನದು ಮಂಕು ಹಸಿರು ಪರದೆ, ನಾಲ್ಕು ಸೆಲ್ಲು, ಹತ್ತು ಗಂಟೆಗೂ ಮೇಲೆ ಬದುಕುತ್ತಿತ್ತು. ಬಣ್ಣದ್ದು ಹಿಂದೆ ಬಿತ್ತು. ಗೇಮ್ ಬಾಯ್, ಆಮೇಲೆ ಬಂದ ಅದರ ಬಣ್ಣದ ತಮ್ಮ, ಎರಡೂ ಸೇರಿ 11 ಕೋಟಿ 86 ಲಕ್ಷ ಮಾರಾಟವಾದವು. ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಬೆಲೆ ಕಟ್ಟುವವರು ಇದನ್ನು ಮರೆಯಬಾರದು. ಆಟ ಯಂತ್ರದ ಶಕ್ತಿಯಲ್ಲಿಲ್ಲ. ಆರ್‌ಒಜಿ ಅಲೈ ಭಾರಿ ಶಕ್ತಿಯ ಯಂತ್ರ, ಅನುಮಾನವೇ ಇಲ್ಲ. ಆದರೆ ದೊಡ್ಡ ಆಟ ಹಾಕಿದರೆ ಅದರ ಬ್ಯಾಟರಿ ಎರಡು ಗಂಟೆ ಹಿಡಿಯುವುದೂ ಕಷ್ಟ. ನಮ್ಮೂರಿನಲ್ಲಿ ಕರೆಂಟು ಹೋದರೆ ಅದಕ್ಕಿಂತ ಹೆಚ್ಚು ಹೊತ್ತು ಬರುವುದಿಲ್ಲ.

ಮೂರನೆಯ ಹೆಸರನ್ನು ನಮ್ಮ ಮೇಷ್ಟ್ರುಗಳು ಕೇಳಬೇಕು. ಜೆರ್ರಿ ಲಾಸನ್. ಅಮೆರಿಕದ ಕಪ್ಪು ಜನಾಂಗದ ಇಂಜಿನಿಯರು, 1940ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವನು. ಅವನಿಗೆ ಮುಂಚೆ ಮನೆಯಲ್ಲಿ ಆಡುವ ವಿಡಿಯೋ ಗೇಮಿನಲ್ಲಿ ಆಟಗಳು ಯಂತ್ರದೊಳಗೇ ಕೂತಿರುತ್ತಿದ್ದವು, ಬದಲಾಯಿಸುವಂತಿರಲಿಲ್ಲ. 1976ರಲ್ಲಿ ಫೇರ್‌ಚೈಲ್ಡ್ ಕಂಪನಿಯಲ್ಲಿ ಅವನ ಮುಂದಾಳತ್ವದಲ್ಲಿ ಬಂದ ಯಂತ್ರದಲ್ಲಿ ಆಟವನ್ನು ಬಿಡಿಬಿಡಿಯಾಗಿ ಕೊಂಡು, ಸಿಕ್ಕಿಸಿ, ತೆಗೆದು, ಬೇರೆಯದನ್ನು ಸಿಕ್ಕಿಸಬಹುದಾಯಿತು. ನಾವು ಕ್ಯಾಸೆಟ್ಟು ಅನ್ನುತ್ತೇವಲ್ಲ, ಅದೇ. ಒಂದು ಮಗು ಇನ್ನೊಂದು ಮಗುವಿಗೆ ಆಟವನ್ನು ಎರವಲು ಕೊಡಲು ಸಾಧ್ಯವಾದದ್ದು ಅದರಿಂದ. ಒಂದನೇ ಕ್ಲಾಸಿನಲ್ಲಿ ಅವನ ಟೀಚರು ಕಪ್ಪು ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್‌ನ ಚಿತ್ರವೊಂದನ್ನು ಅವನ ಡೆಸ್ಕಿನ ಪಕ್ಕ ಇಟ್ಟು, ನೀನೂ ಹೀಗಾಗಬಹುದು ಅಂದಿದ್ದನ್ನು ಮುದುಕನಾದ ಮೇಲೂ ನೆನೆಯುತ್ತಿದ್ದ. ಆಟದ ಉದ್ಯಮದವರು ಅವನನ್ನು ಕರೆದು ಗೌರವಿಸಿದ್ದು 2011ರ ಮಾರ್ಚಿಯಲ್ಲಿ. ಏಪ್ರಿಲಿನಲ್ಲಿ ತೀರಿಕೊಂಡ. ನಮ್ಮವರಿಗೆ ಹಾರ ಬರುವ ಹೊತ್ತು ಎಲ್ಲ ದೇಶದಲ್ಲೂ ಒಂದೇ.

ಇಷ್ಟು ತಿಳಿದ ಮೇಲೆ ಯಂತ್ರದ ಮೇಲೆ ನನಗೆ ಸಿಟ್ಟು ಉಳಿಯಲಿಲ್ಲ. ಅದು ದುಡಿಯುವ ಕೈಗಳಿಂದ ಆದದ್ದು. ಕೆಲವು ಕೈಗಳ ಹೆಸರೂ ಗೊತ್ತಿಲ್ಲ. ಇಂಥ ಬ್ಯಾಟರಿಗಳಿಗೆ ಬೇಕಾದ ಕೋಬಾಲ್ಟಿನಲ್ಲಿ ಬಹುಪಾಲು ಬರುವುದು ಆಫ್ರಿಕದ ಕಾಂಗೋದಿಂದ. ಅಲ್ಲಿ ಬರಿಗೈಯಲ್ಲಿ ಅದಿರು ಅಗೆಯುವವರಲ್ಲಿ ಮಕ್ಕಳೂ ಇದ್ದಾರೆ ಅಂತ 2016ರಲ್ಲಿ ಆಮ್ನೆಸ್ಟಿ ಸಂಸ್ಥೆ ವರದಿ ಮಾಡಿತು. ಇದು ಬೆಲೆಯ ಚೀಟಿಯಲ್ಲಿ ಬರೆಯದ ಬೆಲೆ. ನನ್ನ ಕಿಸೆಯ ಮೊಬೈಲಿಗೂ ಇದೇ ಮಾತು, ಹಾಗಾಗಿ ಜೋರಾಗಿ ಹೇಳುವ ಯೋಗ್ಯತೆ ನನಗಿಲ್ಲ.

ಅಧ್ಯಯನ ವಲಯದ ಗೆಳೆಯರ ಮುಂದೆ ವಿಷಯ ಇಟ್ಟೆ. ಒಬ್ಬ ನಕ್ಕ. ಇನ್ನೊಬ್ಬ, “ಎಪ್ಪತ್ತು ಸಾವಿರಕ್ಕೆ ಬಾಬಾಸಾಹೇಬರ ಬರಹಗಳ ಅಷ್ಟೂ ಸಂಪುಟ ಬಂದು ದುಡ್ಡು ಮಿಗ್ತದೆ, ಏನ್ ಮಾತಾಡ್ತಿದ್ದೀಯ?” ಅಂದ. ಮಾತು ನಿಜ. ಆದರೂ ಎಲ್ಲೋ ಚುಚ್ಚಿತು. ನಮ್ಮ ಮಕ್ಕಳ ಕೈಗೆ ಪೊರಕೆ ಬೇಡ, ಪುಸ್ತಕ ಕೊಡಿ ಅಂದೆವು. ಅದು ಸರಿಯೇ. ಪೊರಕೆಗೂ ಪುಸ್ತಕಕ್ಕೂ ನಡುವೆ ನಮ್ಮ ಮಕ್ಕಳ ಕೈಗೆ ಮೂರನೆಯದು ಯಾವುದೂ ಬರಕೂಡದೆ? ದೊಡ್ಡ ಮನೆಯ ಹುಡುಗನ ಕೈಯಲ್ಲಿ ಆ ಯಂತ್ರ ಕಂಡಾಗ, ಇದು ಇವನಿಗೆ ಅಗತ್ಯವೆ ಅಂತ ಯಾರೂ ಸಭೆ ಸೇರಿಸಲಿಲ್ಲ. ನಮ್ಮ ಹುಡುಗ ಒಂದು ಚೌಕ ಬರೆದರೆ ಅದರಿಂದ ಸಮುದಾಯಕ್ಕೇನು ಲಾಭ ಅಂತ ಕೇಳುತ್ತೇವೆ. ನಾನು ಪದ್ಯ ಬರೆಯುತ್ತೇನೆ, ಅದರಿಂದ ಇವತ್ತಿನವರೆಗೆ ಒಂದು ಸೇರು ರಾಗಿ ಬಂದಿಲ್ಲ.

ಮೂರನೆಯ ಗೆಳೆಯ ಮಹಾಡ್ ಎತ್ತಿದ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚೌದಾರ್ ಕೆರೆಯ ನೀರು ಮುಟ್ಟಿದರು. ಆ ನೀರು ಕುಡಿಯದೆ ನಾವೇನೂ ಸಾಯುತ್ತಿರಲಿಲ್ಲ, ನಾವೂ ಮನುಷ್ಯರೆಂದು ತೋರಿಸಲು ಹೋಗುತ್ತಿದ್ದೇವೆ ಎಂಬ ಅರ್ಥದ ಮಾತನ್ನು ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಆಡಿದರು. “ಹಾಗಾದರೆ ಕೊಡಿಸು, ಇದೂ ಮುಟ್ಟುವ ಪ್ರಶ್ನೆಯೇ” ಅಂದ ಗೆಳೆಯ. ಎರಡು ದಿನ ಈ ಮಾತು ನನ್ನನ್ನು ಮೇಲೆತ್ತಿತ್ತು. ಮೂರನೆಯ ದಿನ ಕುಸಿಯಿತು. ಕೆರೆ ಊರಿನದು, ಎಲ್ಲರದು, ಅದಕ್ಕೆ ಹಕ್ಕು ಕೇಳಬಹುದು. ಇದು ಅಂಗಡಿಯ ಮಾಲು. ಮಾಲು ಕೊಂಡು ಮನುಷ್ಯನಾಗುವುದಾದರೆ ಬಿಲ್ಲಿನ ಜೊತೆ ಮನುಷ್ಯತ್ವದ ಸರ್ಟಿಫಿಕೇಟೂ ಕೊಡಬೇಕು. ನಮ್ಮ ತಮ್ಮ ಅಂಥದೊಂದು ಹಿಡಿದುಕೊಂಡು ಆ ಜಗಲಿಯ ಮುಂದೆ ಹೋಗಿ ನಿಂತರೂ ಜಗಲಿ ಜಗಲಿಯೇ. ಆ ದುಡ್ಡಿಗೆ ಆ ಯಂತ್ರ ನಮಗೆ ತಕ್ಕದ್ದಲ್ಲ ಅಂತ ತೀರ್ಮಾನಿಸಿದೆ. ಆಟ ತಕ್ಕದ್ದಲ್ಲ ಅಂತ ತೀರ್ಮಾನಿಸಲು ಆಗಲಿಲ್ಲ.

ತಮ್ಮನನ್ನು ಕರೆದುಕೊಂಡು ಬೆಂಗಳೂರಿಗೆ ಹೋದೆ. ಟಿ. ನರಸೀಪುರದಿಂದ ಬಸ್ಸಿನಲ್ಲಿ ಮೈಸೂರು, ಅಲ್ಲಿಂದ ರೈಲು. ದೊಡ್ಡ ಅಂಗಡಿಯೊಂದರಲ್ಲಿ ಅವನು ಚೌಕ ಬರೆದ ಅದೇ ಯಂತ್ರವನ್ನು ಜನ ಮುಟ್ಟಿ ನೋಡಲಿ ಅಂತ ಸರಪಳಿ ಕಟ್ಟಿ ಇಟ್ಟಿದ್ದರು. ಅಂಗಡಿಯ ಹುಡುಗ, “ಆಡಪ್ಪ, ನೋಡು” ಅಂದ. ಯಾವ ಊರು, ಯಾರ ಪೈಕಿ, ಒಂದೂ ಕೇಳಲಿಲ್ಲ. ತಮ್ಮ ಹತ್ತು ನಿಮಿಷ ಆಡಿದ. ಅವನ ಬೆನ್ನು ನೋಡುತ್ತ ನಿಂತಿದ್ದೆ. ಸಾಕು ಅನ್ನಿಸಿದಾಗ ಅವನೇ ಕೆಳಗಿಟ್ಟ. ಇಡುವ ಮುಂಚೆ ಅಂಗಿಯ ಅಂಚು ಎಳೆದು ಪರದೆಯನ್ನು ಒರೆಸಿದ, ಹಿಡಿಗಳನ್ನು ಒರೆಸಿದ, ಗುಂಡಿಗಳ ಸಂದಿಯನ್ನೂ ಒರೆಸಿದ.

“ಯಾಕ್ಲಾ ಒರೆಸ್ದೆ?” ಅಂದೆ.

“ಒರೆಸ್ಬೇಕಲ್ವಾ ಅಣ್ಣ?”

ಹಳೆಯ ಮಾಲು ಮಾರುವ ಇನ್ನೊಂದು ಅಂಗಡಿಯಲ್ಲಿ ನಿಂಟೆಂಡೊ ಸ್ವಿಚ್ ಲೈಟ್ ಸಿಕ್ಕಿತು. 2019ರಲ್ಲಿ ಬಂದ ಮಾದರಿ, ಟಿವಿಗೆ ಹಾಕಲು ಬರುವುದಿಲ್ಲ, ಕೈಯಲ್ಲಿ ಹಿಡಿದೇ ಆಡಬೇಕು. ಮೂಲೆಯಲ್ಲಿ ಸ್ವಲ್ಪ ಕೆತ್ತಿತ್ತು. ಕಾರು ಓಡಿಸುವ ಆಟದ ಒಂದು ಕ್ಯಾಸೆಟ್ಟು ಸೇರಿಸಿ ಹನ್ನೊಂದು ಸಾವಿರಕ್ಕೆ ಕೊಟ್ಟರು. ಹೊಸ ಕ್ಯಾಸೆಟ್ಟುಗಳ ಬೆಲೆ ಕೇಳಿ ಬಾಯಿ ಮುಚ್ಚಿಕೊಂಡೆ. ಅದನ್ನು ಯಾರೂ ನಿಮಗೆ ಮೊದಲೇ ಹೇಳುವುದಿಲ್ಲ. ಯಂತ್ರ ಒಂದು ಸಲದ ಖರ್ಚು, ಆಟ ಕೊನೆಯಿಲ್ಲದ ಖರ್ಚು.

ಅವ್ವ ಬೈದಳು. “ಎಷ್ಟ್ ದಿನದ್ ಕೂಲಿಲಾ ಇದು?” ಅಂದಳು. “ಮೂವತ್ತು” ಅಂದೆ. “ಮೂವತ್ ದಿನ ಯಾರು ಬಗ್ಗೋರು?” ಅಂದಳು. ಉತ್ತರವಿರಲಿಲ್ಲ. ಸಂಘದ ಕಂತು ಕಟ್ಟಿ ಉಳಿದದ್ದನ್ನು ಅವಳ ಕೈಗೇ ಕೊಟ್ಟೆ. ರಾತ್ರಿ ಅವಳೂ ತಮ್ಮನ ಹೆಗಲ ಮೇಲಿಂದ ಬಗ್ಗಿ ಬಗ್ಗಿ ನೋಡಿ, “ಆ ಕೆಂಪು ಟೋಪಿಯವ್ನು ಗುದ್ದುಬುಡ್ತಾನೆ, ಅತ್ಲಾಗ್ ತಿರುಗ್ಸು” ಅಂದಳು.

ಮಾರನೆಯ ದಿನ ಕೇರಿಯ ಮಕ್ಕಳೆಲ್ಲ ನಮ್ಮ ಬಾಗಿಲಲ್ಲಿ. ಆ ಕ್ಯಾಸೆಟ್ಟು ಉಗುರಿನಷ್ಟು ಚಿಕ್ಕದು. ಮಕ್ಕಳು ನುಂಗದಿರಲಿ ಅಂತ ಕಂಪನಿಯವರು ಅದಕ್ಕೆ ಕಹಿ ಬಳಿದಿರುತ್ತಾರೆ. ಒಬ್ಬ ಹುಡುಗ ನೆಕ್ಕಿ ನೋಡಿ ಮುಖ ಕಿವಿಚಿದ, ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ ನೆಕ್ಕಿದರು. ನಗುವೋ ನಗು. ನಾನು ಹಟ್ಟಿಯ ಒಳಗೆ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದೆ. ಆ ಗದ್ದಲದಲ್ಲಿ ಎದ್ದು ಹೋಗಿ ನೋಡಬೇಕು ಅನ್ನಿಸಿತು, ಇದೊಂದು ಪತ್ರಿಕೆ ಆಗಲಿ ಅಂತ ಕೂತೆ. ಆಗ ತಮ್ಮನ ದನಿ ಕೇಳಿಸಿತು. ಪಕ್ಕದ ಮನೆಯ ಚಿಕ್ಕ ಹುಡುಗನಿಗೆ ಹೇಳುತ್ತಿದ್ದ. ಆರು ವರ್ಷದ ಹುಡುಗ, ಕೈಯೆಲ್ಲ ಕೆಸರು.

“ಏಯ್, ಮುಟ್ಬೇಡ. ಅಲ್ಲೇ ನಿಂತ್ಕೊ. ಕೈ ತೊಳ್ಕೊಂಡ್ ಬಾ ಹೋಗು.”

ನನ್ನ ಕೆಂಪು ಪೆನ್ನು ಅಲ್ಲೇ ನಿಂತಿತು. ಕೆಸರಿನ ಕೈಯಲ್ಲಿ ಮುಟ್ಟಿದರೆ ಮೂವತ್ತು ದಿನದ ಕೂಲಿ ಕೆಡುತ್ತದೆ. ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಎದ್ದು ಬಾಗಿಲಿಗೆ ಬಂದೆ. ಏನು ಹೇಳಬೇಕು ಅಂತ ತಿಳಿಯಲಿಲ್ಲ.

ಹುಡುಗ ಬೀದಿ ನಲ್ಲಿಗೆ ಓಡಿದ್ದ. ಓಡಿಯೇ ಬಂದ. ಎರಡೂ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ತಮ್ಮ ಯಂತ್ರವನ್ನು ಎದೆಗೆ ಒತ್ತಿಕೊಂಡು, “ಒದ್ದೆ ಕೈಲೂ ಮುಟ್ಟಂಗಿಲ್ಲ” ಅಂದ. ಹುಡುಗ ನನ್ನ ಮುಖ ನೋಡಿದ, ಅವನ ಮುಖ ನೋಡಿದ. ಆಮೇಲೆ ನಮ್ಮ ಹೊಸ್ತಿಲ ಕೆಳಗೆ ಬಿಸಿಲಿನಲ್ಲಿ ನಿಂತು, ಎರಡು ಕೈಯನ್ನೂ ಮೇಲಕ್ಕೆ ಹಿಡಿದು, ಒಣಗಲಿ ಅಂತ ಬೀಸತೊಡಗಿದ.